ಗಣಕಯಂತ್ರದ ಧ್ವನಿ: ಮದರ್‌ಬೋರ್ಡಿನಲ್ಲಿರುವುದು ಸಾಕೇ, ಪ್ರತ್ಯೇಕ ಸೌಂಡ್ ಕಾರ್ಡ್ ಬೇಕೇ?

ಕರ್ನಾಟಕದ ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಓದುವ ಅನೇಕ ಮಕ್ಕಳಿಗೆ ಶಿಷ್ಟ ಕನ್ನಡದ ಉಚ್ಚಾರಣೆಯನ್ನು ಕೇಳುವ ಅವಕಾಶ ಬಹುಮಟ್ಟಿಗೆ ತರಗತಿಗೇ ಸೀಮಿತವಾಗಿರುತ್ತದೆ. ಬಸ್ಸಿನಲ್ಲಿ, ಸಂತೆಯಲ್ಲಿ, ಕಚೇರಿಯಲ್ಲಿ ಅವರ ಕಿವಿಗೆ ಬೀಳುವುದು ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗು. ಈ ಕೊರತೆಯನ್ನು ತುಂಬಲು ಶಿಕ್ಷಕರು ಪದ್ಯವಾಚನ, ಕಥೆ, ಉಕ್ತಲೇಖನದ ಪಾಠಗಳನ್ನು ಧ್ವನಿಮುದ್ರಿಸಿ ಗಣಕಯಂತ್ರದ ಮೂಲಕ ಕೇಳಿಸುವುದು ಈಗ ರೂಢಿಗೆ ಬಂದಿದೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ಈ ನಾಲ್ಕಕ್ಕೂ ಒಂದೇ ಅಕ್ಷರ. ಆದ್ದರಿಂದ ತಮಿಳನ್ನೂ ಜೊತೆಯಲ್ಲೇ ಕಲಿಯುವ ಹೊಸೂರು, ತಾಳವಾಡಿಯ ಮಗುವಿಗೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಕಿವಿಯಿಂದಲೇ ಹಿಡಿಯಬೇಕಾಗುತ್ತದೆ. ಮುದ್ರಿತ ಧ್ವನಿಯಲ್ಲಿ ಆ ಭೇದವೇ ಅಳಿಸಿಹೋಗಿದ್ದರೆ ಮಗು ತಪ್ಪಾಗಿ ಕಲಿಯುತ್ತದೆ. ಆ ತಪ್ಪಿಗೆ ಹೊಣೆ ಮಗುವಲ್ಲ.

ಧ್ವನಿ ಸ್ಪಷ್ಟವಿಲ್ಲವೆಂಬ ದೂರು ಬಂದಾಗ ಸಾಮಾನ್ಯವಾಗಿ ಸಿಗುವ ಸಲಹೆಯೊಂದಿದೆ: ಮದರ್‌ಬೋರ್ಡಿನಲ್ಲೇ ಅಡಕವಾಗಿರುವ ಧ್ವನಿ ವ್ಯವಸ್ಥೆ ಕಳಪೆಯಾದುದು, ಪ್ರತ್ಯೇಕ ಸೌಂಡ್ ಕಾರ್ಡ್ ಹಾಕಿಸಬೇಕು. ಒಂದು ಕಾಲಕ್ಕೆ ಈ ಮಾತಿನಲ್ಲಿ ಸತ್ಯಾಂಶ ಹೆಚ್ಚಿತ್ತು. ಇಂದು ಅದನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ. ಶಾಲೆಯ ಅಲ್ಪ ಅನುದಾನವನ್ನು ಎಲ್ಲಿ ವೆಚ್ಚ ಮಾಡಿದರೆ ಧ್ವನಿ ನಿಜವಾಗಿ ಸುಧಾರಿಸುತ್ತದೆ ಎಂಬುದನ್ನು ತಿಳಿಯಲು ಧ್ವನಿಯು ಯಂತ್ರದೊಳಗೆ ಸಾಗುವ ದಾರಿಯನ್ನು ಅರಿಯಬೇಕು.

ಧ್ವನಿಯು ಅಂಕಿಯಾಗುವ ಬಗೆ

ಮಾತನಾಡಿದಾಗ ಗಾಳಿಯಲ್ಲಿ ಒತ್ತಡದ ಏರಿಳಿತ ಉಂಟಾಗುತ್ತದೆ. ಮೈಕ್ರೊಫೋನು ಆ ಏರಿಳಿತವನ್ನು ಅತಿ ಸಣ್ಣ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಈ ಸಂಕೇತದ ಪ್ರಮಾಣ ಕೆಲವೇ ಮಿಲಿವೋಲ್ಟುಗಳು. ಅದನ್ನು ಮೊದಲು ಒಂದು ವರ್ಧಕವು ಹಿಗ್ಗಿಸುತ್ತದೆ. ಆನಂತರ ಪರಿವರ್ತಕವೆಂಬ ಭಾಗವು ಸಂಕೇತವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಪ್ರತಿಯೊಂದು ಅಳತೆಯನ್ನೂ ಅಂಕಿಯಾಗಿ ಬರೆದಿಡುತ್ತದೆ. ಕೇಳಿಸುವಾಗ ಇದೇ ಕ್ರಿಯೆ ಹಿಮ್ಮುಖವಾಗಿ ನಡೆಯುತ್ತದೆ: ಅಂಕಿಗಳು ವಿದ್ಯುತ್ ಸಂಕೇತವಾಗಿ, ಸಂಕೇತವು ಧ್ವನಿವರ್ಧಕದಲ್ಲಿ ಮತ್ತೆ ಗಾಳಿಯ ಕಂಪನವಾಗಿ ಹೊರಬರುತ್ತದೆ. ವರ್ಧಕ ಮತ್ತು ಪರಿವರ್ತಕಗಳು ಮದರ್‌ಬೋರ್ಡಿನ ಮೇಲೆಯೇ ಇರಲಿ, ಪ್ರತ್ಯೇಕ ಕಾರ್ಡಿನ ಮೇಲಿರಲಿ, ಕೆಲಸ ಒಂದೇ.

ಇಲ್ಲಿ ಎರಡು ಅಳತೆಗಳು ಮುಖ್ಯ. ಮೊದಲನೆಯದು, ಸೆಕೆಂಡಿಗೆ ಎಷ್ಟು ಬಾರಿ ಅಳೆಯಲಾಗುತ್ತದೆ ಎಂಬುದು. ಯಾವುದೇ ಆವೃತ್ತಿಯ ಧ್ವನಿಯನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಬೇಕು. ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲುದು. ಆದ್ದರಿಂದಲೇ ಸಂಗೀತದ ಸಿ.ಡಿ.ಗೆ ಸೆಕೆಂಡಿಗೆ 44,100 ಅಳತೆಗಳನ್ನು ನಿಗದಿಪಡಿಸಲಾಯಿತು. ಎರಡನೆಯದು, ಪ್ರತಿ ಅಳತೆಯನ್ನು ಎಷ್ಟು ಬಿಟ್‌ಗಳಲ್ಲಿ ಬರೆಯಲಾಗುತ್ತದೆ ಎಂಬುದು. 16 ಬಿಟ್‌ಗಳಲ್ಲಿ 65,536 ಮಟ್ಟಗಳನ್ನು ಗುರುತಿಸಬಹುದು. ಒಂದೊಂದು ಬಿಟ್ಟೂ ಅತಿ ಮೆಲುದನಿಗೂ ಅತಿ ಜೋರುದನಿಗೂ ನಡುವಿನ ಅಂತರವನ್ನು ಸುಮಾರು 6 ಡೆಸಿಬೆಲ್‌ನಷ್ಟು ಹೆಚ್ಚಿಸುತ್ತದೆ. ಹೀಗೆ 16 ಬಿಟ್‌ಗೆ ಸುಮಾರು 96 ಡೆಸಿಬೆಲ್ ದೊರೆಯುತ್ತದೆ.

ಕಾರ್ಡು ಬಂದದ್ದು, ಬೋರ್ಡಿನೊಳಗೆ ಸೇರಿದ್ದು

1981ರಲ್ಲಿ ಬಂದ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನಲ್ಲಿ ಧ್ವನಿಗೆಂದು ಇದ್ದದ್ದು ಒಂದು ಪುಟ್ಟ ಸ್ಪೀಕರ್ ಮಾತ್ರ. ಅದು ಎಚ್ಚರಿಕೆಯ ನಾದವನ್ನು ಹೊರಡಿಸುತ್ತಿತ್ತು. ಮಾತನ್ನು ಸೊಗಸಾಗಿ ನುಡಿಸುವ ಸಾಮರ್ಥ್ಯ ಅದಕ್ಕಿರಲಿಲ್ಲ. ಆ ಕೊರತೆಯನ್ನು ನೀಗಿಸಲು 1987ರಲ್ಲಿ ಆ್ಯಡ್‌ಲಿಬ್ ಕಾರ್ಡು, 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯ ಸೌಂಡ್ ಬ್ಲಾಸ್ಟರ್ ಬಂದವು. 1992ರ ಸೌಂಡ್ ಬ್ಲಾಸ್ಟರ್ 16 ಎಂಬುದು ಸಿ.ಡಿ. ಮಟ್ಟದ 16 ಬಿಟ್ ಧ್ವನಿಯನ್ನು ಮನೆಯ ಗಣಕಯಂತ್ರಕ್ಕೆ ತಂದಿತು. ಆಗ ಧ್ವನಿ ಬೇಕೆಂದರೆ ಕಾರ್ಡು ಅನಿವಾರ್ಯವಾಗಿತ್ತು.

1990ರ ದಶಕದ ಉತ್ತರಾರ್ಧದಲ್ಲಿ ಇಂಟೆಲ್ ಸಂಸ್ಥೆಯು ಎ.ಸಿ. 97 ಎಂಬ ಮಾನದಂಡವನ್ನು ರೂಪಿಸಿತು. ಇದರಿಂದ ಧ್ವನಿಯ ಪರಿವರ್ತಕವನ್ನು ಕಡಿಮೆ ವೆಚ್ಚದಲ್ಲಿ ಮದರ್‌ಬೋರ್ಡಿನ ಮೇಲೆಯೇ ಕೂರಿಸುವುದು ಸಾಧ್ಯವಾಯಿತು. ಆ ಕಾಲದ ಹಲವು ಬೋರ್ಡುಗಳಲ್ಲಿ ಹಿನ್ನೆಲೆಯ ಸಿಳ್ಳು, ಗುಂಯ್‌ಗುಡುವಿಕೆ ಸಾಮಾನ್ಯವಾಗಿತ್ತು. ‘ಬೋರ್ಡಿನ ಧ್ವನಿ ಕಳಪೆ’ ಎಂಬ ನಂಬಿಕೆ ಬೇರೂರಿದ್ದು ಆಗ. 2004ರಲ್ಲಿ ಬಂದ ಹೈ ಡೆಫಿನಿಷನ್ ಆಡಿಯೊ ಎಂಬ ಮಾನದಂಡವು ಸೆಕೆಂಡಿಗೆ 1,92,000 ಅಳತೆ, 32 ಬಿಟ್‌ವರೆಗೆ ಅವಕಾಶ ನೀಡಿತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಧ್ವನಿಗಳನ್ನು ಬೆರೆಸುವ ಕೆಲಸವನ್ನು ಮುಖ್ಯ ಸಂಸ್ಕಾರಕವೇ ವಹಿಸಿಕೊಂಡಿತು. ಅಲ್ಲಿಯವರೆಗೆ ಆ ಕೆಲಸದಲ್ಲಿ ಕಾರ್ಡಿಗಿದ್ದ ಮೇಲುಗೈ ಬಹುಮಟ್ಟಿಗೆ ಇಲ್ಲವಾಯಿತು.

ಅಂಕಿಗಳು ಹೇಳುವುದೇನು?

ಇಂದಿನ ಬಹುತೇಕ ಮದರ್‌ಬೋರ್ಡುಗಳಲ್ಲಿ ತೈವಾನಿನ ರಿಯಲ್‌ಟೆಕ್ ಸಂಸ್ಥೆಯ ಬಿಲ್ಲೆಗಳಿರುತ್ತವೆ. ಧ್ವನಿಗೂ ಯಂತ್ರದ ಸ್ವಂತ ಗದ್ದಲಕ್ಕೂ ಇರುವ ಅಂತರವನ್ನು ತಯಾರಕರು ಡೆಸಿಬೆಲ್‌ಗಳಲ್ಲಿ ನಮೂದಿಸುತ್ತಾರೆ. ಅಂಕಿ ಹೆಚ್ಚಾದಷ್ಟೂ ಒಳ್ಳೆಯದು. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಹೆಚ್ಚಾಗಿ ಕಾಣುವ ಎ.ಎಲ್.ಸಿ. 887 ಬಿಲ್ಲೆಗೆ ಕೇಳಿಸುವ ದಿಕ್ಕಿನಲ್ಲಿ 97, ಮುದ್ರಿಸುವ ದಿಕ್ಕಿನಲ್ಲಿ 90 ಡೆಸಿಬೆಲ್ ಎಂದು ನಮೂದಾಗಿದೆ. ಉನ್ನತ ದರ್ಜೆಯ ಎ.ಎಲ್.ಸಿ. 1220 ಬಿಲ್ಲೆಗೆ ಕೇಳಿಸುವ ದಿಕ್ಕಿನಲ್ಲಿ 120 ಡೆಸಿಬೆಲ್ ಇದೆ. ಇವು ಬಿಲ್ಲೆಯ ಅಂಕಿಗಳೇ ಹೊರತು ಇಡೀ ಬೋರ್ಡಿನವಲ್ಲ. ಬಿಲ್ಲೆಯನ್ನು ಕೂರಿಸಿದ ರೀತಿ ಸರಿಯಿಲ್ಲದಿದ್ದರೆ ನಿಜವಾಗಿ ದೊರೆಯುವುದು ಕಡಿಮೆ.

ಈ ಅಂಕಿಗಳನ್ನು ತರಗತಿಯ ಅಂಕಿಗಳೊಡನೆ ತಾಳೆ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯು ಪಾಠದ ವೇಳೆ ತರಗತಿಯ ಹಿನ್ನೆಲೆ ಗದ್ದಲ 35 ಡೆಸಿಬೆಲ್ ಮೀರಬಾರದೆಂದು ಹೇಳುತ್ತದೆ. ರಸ್ತೆಯ ಬದಿಯ ಶಾಲೆಯಲ್ಲಿ, ತಿರುಗುವ ಫ್ಯಾನಿನಡಿಯಲ್ಲಿ, ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಈ ಮಿತಿ ಉಳಿಯುವುದಿಲ್ಲ. ಕೋಣೆ 35 ಡೆಸಿಬೆಲ್‌ನಷ್ಟೇ ಶಾಂತವಾಗಿದೆ ಎಂದಿಟ್ಟುಕೊಂಡರೂ, ಒಂದು ಮೀಟರ್ ದೂರದಲ್ಲಿ ಶಿಕ್ಷಕರ ದನಿ 65 ಡೆಸಿಬೆಲ್ ಇದ್ದರೆ, ಮಾತಿಗೂ ಗದ್ದಲಕ್ಕೂ ಇರುವ ಅಂತರ 30 ಡೆಸಿಬೆಲ್ ಮಾತ್ರ. 90 ಡೆಸಿಬೆಲ್‌ನ ಬಿಲ್ಲೆಯನ್ನು ತೆಗೆದು 120 ಡೆಸಿಬೆಲ್‌ನದನ್ನು ಹಾಕಿದರೆ ಈ 30 ಎಂಬ ಸಂಖ್ಯೆ ಬದಲಾಗುವುದಿಲ್ಲ. ಕೆರೆಯಿಂದ ಗದ್ದೆಗೆ ಹೋಗುವ ಕಾಲುವೆ ನಡುವೆ ಒಡೆದಿದ್ದರೆ ತೂಬನ್ನು ಎಷ್ಟು ಹಿಗ್ಗಿಸಿದರೂ ಗದ್ದೆ ನೆನೆಯದು.

ಇದಕ್ಕೆ ಬದಲಾಗಿ ಮೈಕ್ರೊಫೋನನ್ನು ಹತ್ತಿರ ತರುವುದರ ಫಲವನ್ನು ನೋಡಬಹುದು. ದೂರ ಅರ್ಧವಾದಾಗಲೆಲ್ಲ ದನಿಯ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಗದ್ದಲ ಇದ್ದಲ್ಲೇ ಇರುತ್ತದೆ. 100 ಸೆಂಟಿಮೀಟರಿನಿಂದ 50ಕ್ಕೆ, 50ರಿಂದ 25ಕ್ಕೆ, 25ರಿಂದ 12.5ಕ್ಕೆ, ಹೀಗೆ ಮೂರು ಬಾರಿ ಅರ್ಧವಾದರೆ 18 ಡೆಸಿಬೆಲ್ ಲಾಭ. ಇದಕ್ಕೆ ಒಂದು ರೂಪಾಯಿಯ ವೆಚ್ಚವೂ ಇಲ್ಲ. ಆದರೆ ಬಾಯಿಗೆ ನೇರವಾಗಿ ಹಿಡಿದರೆ ಪ, ಬ, ಭ, ಧ ಮುಂತಾದ ವರ್ಣಗಳ ಉಸಿರು ಮೈಕ್ರೊಫೋನಿಗೆ ಬಡಿದು ‘ಧಬ್’ ಎಂಬ ಸದ್ದು ಮುದ್ರಿತವಾಗುತ್ತದೆ. ಆದ್ದರಿಂದ ಅದನ್ನು ಬಾಯಿಯ ಪಕ್ಕಕ್ಕೆ ಓರೆಯಾಗಿ ಇರಿಸಬೇಕು.

ಯಂತ್ರದೊಳಗಿನ ಗದ್ದಲ

ಬೋರ್ಡಿನ ಧ್ವನಿಯ ಮೇಲಿನ ದೂರು ಪೂರ್ತಿ ನಿರಾಧಾರವೇನಲ್ಲ. ಗಣಕಯಂತ್ರದ ಪೆಟ್ಟಿಗೆಯೊಳಗೆ ಸಂಸ್ಕಾರಕ, ಚಿತ್ರಫಲಕ, ವಿದ್ಯುತ್ ಪೂರೈಕೆ ಘಟಕಗಳು ಕ್ಷಣಕ್ಷಣಕ್ಕೂ ವಿದ್ಯುತ್ ಪ್ರವಾಹವನ್ನು ಏರಿಳಿಸುತ್ತಿರುತ್ತವೆ. ಈ ಏರಿಳಿತವು ಪಕ್ಕದ ಸೂಕ್ಷ್ಮ ಧ್ವನಿಸಂಕೇತದ ಮೇಲೆ ಪ್ರಭಾವ ಬೀರುತ್ತದೆ. ಮೌಸನ್ನು ಅಲುಗಿಸಿದಾಗ ಹೆಡ್‌ಫೋನಿನಲ್ಲಿ ಸಣ್ಣ ಕಿರುಗುಟ್ಟುವಿಕೆ ಕೇಳಿಸುವುದು ಈ ಕಾರಣದಿಂದ. ಒಳ್ಳೆಯ ಬೋರ್ಡುಗಳಲ್ಲಿ ಧ್ವನಿಯ ಭಾಗವನ್ನು ಒಂದು ಮೂಲೆಗೆ ಸರಿಸಿ, ಅದರ ಸುತ್ತಲಿನ ತಾಮ್ರದ ಪದರವನ್ನು ಬೇರ್ಪಡಿಸಿ ಈ ತೊಂದರೆಯನ್ನು ತಗ್ಗಿಸಿರುತ್ತಾರೆ.

ಗಮನಿಸಬೇಕಾದ ಸಂಗತಿಯೆಂದರೆ, ಪೆಟ್ಟಿಗೆಯೊಳಗೆ ಸಿಕ್ಕಿಸುವ ಸೌಂಡ್ ಕಾರ್ಡ್ ಕೂಡ ಇದೇ ಪೆಟ್ಟಿಗೆಯಲ್ಲಿ, ಇದೇ ವಿದ್ಯುತ್ ಘಟಕವನ್ನು ಅವಲಂಬಿಸಿ ಕುಳಿತಿರುತ್ತದೆ. ಉತ್ತಮ ಕಾರ್ಡು ತನ್ನ ವಿದ್ಯುತ್ತನ್ನು ತಾನೇ ಸೋಸಿಕೊಳ್ಳುತ್ತದೆ. ಅಗ್ಗದ ಕಾರ್ಡು ಹಾಗೆ ಮಾಡದು. ಹೀಗಾಗಿ ‘ಪ್ರತ್ಯೇಕ’ ಎಂಬ ಮಾತ್ರಕ್ಕೆ ಅದು ಶ್ರೇಷ್ಠವಾಗುವುದಿಲ್ಲ. ಗದ್ದಲದಿಂದ ದೂರವಿರುವುದೇ ಗುರಿಯಾದರೆ ಯು.ಎಸ್.ಬಿ. ತಂತಿಯ ಮೂಲಕ ಪೆಟ್ಟಿಗೆಯ ಹೊರಗಿರುವ ಸಾಧನ ಹೆಚ್ಚು ಸೂಕ್ತ. ಲ್ಯಾಪ್‌ಟಾಪಿನೊಳಗೆ ಸಾಮಾನ್ಯವಾಗಿ ಕಾರ್ಡು ಹಾಕಲು ಸ್ಥಳವಿರುವುದಿಲ್ಲವಾದ್ದರಿಂದ ಅಲ್ಲಿಗೂ ಇದೇ ದಾರಿ.

‘ಗುಂಯ್’ ಎಂಬ ನಿರಂತರ ಸದ್ದಿನ ಮೂಲ ಬೇರೆ. ಭಾರತದಲ್ಲಿ ಮನೆವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್. ಗಣಕಯಂತ್ರಕ್ಕೆ ಒಂದು ಕಡೆಯಿಂದ, ಧ್ವನಿವರ್ಧಕಕ್ಕೆ ಇನ್ನೊಂದು ಕಡೆಯಿಂದ ವಿದ್ಯುತ್ ಪಡೆದು ಎರಡನ್ನೂ ತಂತಿಯಿಂದ ಜೋಡಿಸಿದಾಗ ಭೂಸಂಪರ್ಕದ ತಂತಿಗಳ ನಡುವೆ ಸಣ್ಣ ಪ್ರವಾಹ ಹರಿದು 50 ಅಥವಾ 100 ಹರ್ಟ್ಸ್‌ನ ಗುಂಯ್‌ಕಾರ ಉಂಟಾಗಬಹುದು. ಎರಡನ್ನೂ ಒಂದೇ ಕಡೆಯ ಸಾಕೆಟ್ಟಿಗೆ ಸೇರಿಸಿದರೆ ಬಹಳಷ್ಟು ಸಲ ಅದು ಅಡಗುತ್ತದೆ. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದಾಗ ಸದ್ದು ನಿಂತರೆ ದೋಷ ಚಾರ್ಜರಿನಲ್ಲಿ ಅಥವಾ ಕಟ್ಟಡದ ಭೂಸಂಪರ್ಕದಲ್ಲಿದೆಯೆಂದು ತಿಳಿಯಬೇಕು. ಹಾಗೆಂದು ಗುಂಯ್‌ಕಾರ ನಿಲ್ಲಿಸಲು ಪ್ಲಗ್ಗಿನ ಭೂಸಂಪರ್ಕದ ಕಡ್ಡಿಯನ್ನು ಎಂದಿಗೂ ಮುರಿಯಬಾರದು. ಅದು ಮಕ್ಕಳ ಜೀವರಕ್ಷಣೆಗೆ ಇರುವಂಥದು.

ಕಣ್ಣಿಗೆ ಕಾಣದ ಬೇರೆ ಕಾರಣಗಳು

ಅನೇಕ ವೇಳೆ ಮದರ್‌ಬೋರ್ಡಿನ ಮೇಲೆ ಹೊರಿಸುವ ದೋಷ ಅದರದಾಗಿರುವುದೇ ಇಲ್ಲ. ಎಚ್.ಡಿ.ಎಂ.ಐ. ತಂತಿಯಿಂದ ಪ್ರೊಜೆಕ್ಟರಿಗೆ ಚಿತ್ರ ಕಳುಹಿಸಿದಾಗ ಧ್ವನಿಯೂ ಅದೇ ತಂತಿಯಲ್ಲಿ ಅಂಕಿರೂಪದಲ್ಲೇ ಹೋಗಿ ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿನಲ್ಲಿ ಕೇಳಿಸುತ್ತದೆ. ಅಲ್ಲಿ ಬೋರ್ಡಿನ ಪರಿವರ್ತಕಕ್ಕೆ ಪಾತ್ರವೇ ಇಲ್ಲ. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ರೊಫೋನನ್ನು ಬಳಸಿದರೆ ಅಳತೆಯ ಸಂಖ್ಯೆ ಸಾಮಾನ್ಯವಾಗಿ ಸೆಕೆಂಡಿಗೆ 8,000 ಅಥವಾ 16,000ಕ್ಕೆ ಇಳಿಯುತ್ತದೆ.

ಈ ಇಳಿಕೆಯಿಂದ ಕನ್ನಡ ಪಾಠಕ್ಕೆ ಆಗುವ ಹಾನಿ ಏನು? ಸೆಕೆಂಡಿಗೆ 8,000 ಅಳತೆಯಿದ್ದರೆ 4,000 ಹರ್ಟ್ಸ್‌ಗಿಂತ ಮೇಲಿನ ಯಾವ ಧ್ವನಿಯೂ ಉಳಿಯದು. ಹಳೆಯ ದೂರವಾಣಿ 300ರಿಂದ 3,400 ಹರ್ಟ್ಸ್‌ವರೆಗೆ ಮಾತ್ರ ಸಾಗಿಸುತ್ತಿತ್ತು. ಸಕಾರದ ಶಕ್ತಿಯ ಬಹುಪಾಲು 4,000 ಹರ್ಟ್ಸ್‌ಗಿಂತ ಮೇಲಿದೆ. ಶಕಾರದ್ದು ಅದಕ್ಕಿಂತ ಕೆಳಗಿನಿಂದಲೇ ಆರಂಭವಾಗುತ್ತದೆ. ಮೇಲಿನ ಭಾಗ ಕತ್ತರಿಸಿಹೋದಾಗ ‘ಸಂಕರ’, ‘ಶಂಕರ’ಗಳ ವ್ಯತ್ಯಾಸ ಮಸುಕಾಗುತ್ತದೆ. ಹೆಸರು ಹೇಳಿಕೊಳ್ಳುವಾಗ ದೂರವಾಣಿಯಲ್ಲಿ ‘ಸಕಾರವೋ ಶಕಾರವೋ’ ಎಂದು ಮತ್ತೆ ಕೇಳಬೇಕಾಗುತ್ತಿದ್ದುದು ಇದರಿಂದ. ಗದ್ದಲವನ್ನು ತಾನಾಗಿ ಅಳಿಸುವ ತಂತ್ರಾಂಶವೂ ಕೆಲವೊಮ್ಮೆ ಮಹಾಪ್ರಾಣದ ಉಸಿರನ್ನೇ ಗದ್ದಲವೆಂದು ಭಾವಿಸಿ ಅಳಿಸುತ್ತದೆ. ಪಾಠ ಮುದ್ರಿಸುವಾಗ ಇಂತಹ ಸೌಲಭ್ಯಗಳನ್ನು ಆರಿಸಿಡುವುದು ಕ್ಷೇಮ.

ದೋಷ ಎಲ್ಲಿದೆಯೆಂದು ಕಂಡುಹಿಡಿಯುವ ಪರೀಕ್ಷೆ

ಉಚಿತವಾಗಿ ದೊರೆಯುವ ಆಡಾಸಿಟಿಯಂತಹ ಧ್ವನಿಮುದ್ರಣ ತಂತ್ರಾಂಶದಿಂದ ಶಿಕ್ಷಕರೇ ಈ ಪರೀಕ್ಷೆಯನ್ನು ನಡೆಸಬಹುದು. ಎಂಟನೆಯ ತರಗತಿ ಮತ್ತು ಮೇಲಿನ ಮಕ್ಕಳಿಗೆ ಇದೇ ವಿಜ್ಞಾನದ ಚಟುವಟಿಕೆಯೂ ಆಗುತ್ತದೆ. ಮುದ್ರಣದ ಮಟ್ಟವನ್ನು ಆರಂಭದಲ್ಲಿ ಒಮ್ಮೆ ನಿಗದಿಪಡಿಸಿ ಕೊನೆಯವರೆಗೂ ಬದಲಿಸಬಾರದು.

ಮೊದಲು, ಮೈಕ್ರೊಫೋನನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯೊಳಗಿಟ್ಟು ಮುಚ್ಚಿ 10 ಸೆಕೆಂಡು ಮುದ್ರಿಸಬೇಕು. ಎರಡನೆಯದಾಗಿ, ಅದನ್ನು ಹೊರತೆಗೆದು ಕೋಣೆಯಲ್ಲಿ ಯಾರೂ ಮಾತನಾಡದೆ 10 ಸೆಕೆಂಡು ಮುದ್ರಿಸಬೇಕು. ಮೂರನೆಯದಾಗಿ, ಸಹಜ ದನಿಯಲ್ಲಿ ಒಂದು ವಾಕ್ಯ ಓದಿ ಮುದ್ರಿಸಬೇಕು. ಮೂರರ ಮಟ್ಟವನ್ನೂ ಪರದೆಯ ಮೇಲಿನ ಮಾಪಕದಲ್ಲಿ ಹೋಲಿಸಬೇಕು. ಮೊದಲನೆಯದೂ ಎರಡನೆಯದೂ ಹೆಚ್ಚುಕಡಿಮೆ ಒಂದೇ ಆಗಿದ್ದು, ಎರಡೂ ಮಾತಿನ ಮಟ್ಟಕ್ಕೆ ಹತ್ತಿರವಿದ್ದರೆ ಗದ್ದಲ ಯಂತ್ರದ್ದು ಅಥವಾ ಮೈಕ್ರೊಫೋನಿನದು. ಎರಡನೆಯದು ಮೊದಲನೆಯದಕ್ಕಿಂತ ಬಹಳ ಮೇಲಿದ್ದರೆ ಗದ್ದಲ ಕೋಣೆಯದು; ಯಾವ ಕಾರ್ಡೂ ಅದನ್ನು ಹೋಗಲಾಡಿಸದು. ಗದ್ದಲ ಯಂತ್ರದ ಕಡೆಯದೆಂದು ಕಂಡಾಗ ಬೇರೊಂದು ಮೈಕ್ರೊಫೋನನ್ನು ಎರವಲು ತಂದು ಮತ್ತೆ ನೋಡಬೇಕು.

ಕೊನೆಯ ತೀರ್ಮಾನ ಕಿವಿಯದು. ‘ದನ–ಧನ’, ‘ಕರ–ಖರ’, ‘ಬಾರ–ಭಾರ’, ‘ಸಂಕರ–ಶಂಕರ’, ‘ಹುಲಿ–ಹುಳಿ’, ‘ಮನ–ಮಣ’ ಇಂತಹ ಜೋಡಿಗಳಿಂದ 20 ಪದಗಳನ್ನು ಕ್ರಮ ತಪ್ಪಿಸಿ ಮುದ್ರಿಸಿ ಉಕ್ತಲೇಖನವಾಗಿ ಬರೆಸಬೇಕು. ಬೋರ್ಡಿನ ಮೂಲಕ ಒಮ್ಮೆ, ಎರವಲು ತಂದ ಸಾಧನದ ಮೂಲಕ ಇನ್ನೊಮ್ಮೆ, ಕ್ರಮ ಬದಲಿಸಿ ಕೇಳಿಸಬೇಕು. ಯಾವುದು ಯಾವ ಸಾಧನವೆಂದು ಬರೆಯುವವರಿಗೆ ತಿಳಿದಿರಬಾರದು. ಎರಡರ ಗಟ್ಟಿತನವೂ ಸಮನಾಗಿರಬೇಕು. ತುಸು ಗಟ್ಟಿಯಾಗಿ ಕೇಳಿಸಿದ್ದೇ ಉತ್ತಮವೆಂದು ಕಿವಿ ಮೋಸಹೋಗುವುದುಂಟು. ಕೇವಲ ಊಹೆಯಿಂದ ಬರೆದರೂ ಅರ್ಧದಷ್ಟು ಸರಿಯಾಗಬಹುದೆಂಬುದನ್ನು ನೆನಪಿಡಬೇಕು. ಎರಡರಲ್ಲೂ ಸರಿಯುತ್ತರಗಳು ಸಮನಾಗಿದ್ದರೆ ಆ ತರಗತಿಗೆ ಹೊಸ ಸಾಧನದ ಅಗತ್ಯವಿಲ್ಲ.

ಪ್ರತ್ಯೇಕ ಸಾಧನ ಎಲ್ಲಿ ಬೇಕು?

ಮೂರು ಸಂದರ್ಭಗಳಲ್ಲಿ ಪ್ರತ್ಯೇಕ ಸಾಧನದ ವೆಚ್ಚ ಸಾರ್ಥಕ. ಮೊದಲನೆಯದು ಮೈಕ್ರೊಫೋನಿನ ಗುಲಾಬಿ ಬಣ್ಣದ ಕುಳಿಯ ಸಮಸ್ಯೆ. ಬೋರ್ಡಿನಲ್ಲಿ ಅತಿ ಹೆಚ್ಚು ಸೊರಗುವ ಭಾಗ ಇದೇ. ಕ್ಷೀಣ ಸಂಕೇತವನ್ನು ಇಲ್ಲಿ ಬಹಳ ಹಿಗ್ಗಿಸಬೇಕಾಗುವುದರಿಂದ ಗದ್ದಲವೂ ಜೊತೆಗೇ ಹಿಗ್ಗುತ್ತದೆ. ಯು.ಎಸ್.ಬಿ. ಮೈಕ್ರೊಫೋನಿನಲ್ಲಿ ವರ್ಧಕವೂ ಪರಿವರ್ತಕವೂ ಅದರೊಳಗೇ ಇರುವುದರಿಂದ ಬೋರ್ಡಿನ ಧ್ವನಿಭಾಗವನ್ನು ಹಾಯಬೇಕಾದ ಪ್ರಮೇಯವೇ ಇಲ್ಲ. ಪಾಠ ಮುದ್ರಿಸುವ ಶಾಲೆಗೆ ಸೌಂಡ್ ಕಾರ್ಡಿಗಿಂತ ಇದು ಮೇಲು.

ಎರಡನೆಯದು, ಒಂದು ಗಣಕಯಂತ್ರದಿಂದ ಹಲವು ಮಕ್ಕಳಿಗೆ ಹೆಡ್‌ಫೋನಿನಲ್ಲಿ ಕೇಳಿಸುವುದು. 32 ಓಮ್ ರೋಧದ ನಾಲ್ಕು ಹೆಡ್‌ಫೋನುಗಳನ್ನು ಕವಲು ತಂತಿಯಿಂದ ಒಂದೇ ಕುಳಿಗೆ ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ 8 ಓಮ್‌ಗೆ ಇಳಿಯುತ್ತದೆ. ಬೋರ್ಡಿನ ಸಣ್ಣ ವರ್ಧಕಕ್ಕೆ ಆ ಹೊರೆ ಹೆಚ್ಚು. ದನಿ ಕುಗ್ಗುತ್ತದೆ, ಸೀಳುತ್ತದೆ. ಇಲ್ಲಿ ಬೇಕಾದದ್ದು ನಾಲ್ಕಾರು ಕುಳಿಗಳಿರುವ ಹೆಡ್‌ಫೋನ್ ವರ್ಧಕ.

ಮೂರನೆಯದು ಅತಿ ಮುಖ್ಯ. ಹಿರಿಯರ ಹಾಡು, ಗಾದೆ, ಕಥೆ, ಊರಿನ ಆಡುಮಾತುಗಳನ್ನು ಮಕ್ಕಳಿಂದಲೇ ಸಂಗ್ರಹಿಸುವ ಯೋಜನೆ. ಕಾಸರಗೋಡಿನ ಹವ್ಯಕ ಕನ್ನಡವಾಗಲಿ, ಅಕ್ಕಲಕೋಟೆಯ ಅಥವಾ ಆದೋನಿಯ ಆಡುಗನ್ನಡವಾಗಲಿ, ಹೇಳುವ ಅಜ್ಜಿ ಇಲ್ಲವಾದ ಮೇಲೆ ಮರಳಿ ಮುದ್ರಿಸಲಾಗದು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಕನಿಷ್ಠ 48,000 ಅಳತೆ, 24 ಬಿಟ್‌ಗಳನ್ನು ಶಿಫಾರಸು ಮಾಡುತ್ತದೆ. ಒಂದೇ ವಾಹಿನಿಯಲ್ಲಿ ಹೀಗೆ ಮುದ್ರಿಸಿದರೆ ನಿಮಿಷಕ್ಕೆ ಸುಮಾರು 8.6 ಮೆಗಾಬೈಟ್, ಗಂಟೆಗೆ ಸುಮಾರು 520 ಮೆಗಾಬೈಟ್ ಬೇಕು. ಇಂದಿನ ಪೆನ್‌ಡ್ರೈವಿಗೆ ಇದು ಭಾರವಲ್ಲ. ಮೂಲ ಮುದ್ರಣವನ್ನು ವೇವ್ ಕಡತವಾಗಿಯೇ ಎರಡು ಕಡೆ ಇರಿಸಿ, ಮಕ್ಕಳಿಗೆ ಹಂಚಲು ಮಾತ್ರ ಎಂ.ಪಿ.3 ಪ್ರತಿ ಮಾಡಬೇಕು. ಇಂತಹ ಕೆಲಸಕ್ಕೆ ಉತ್ತಮ ಮೈಕ್ರೊಫೋನು ಮತ್ತು ಹೊರಗಿನ ಯು.ಎಸ್.ಬಿ. ಸಾಧನ ನಿಜವಾದ ಹೂಡಿಕೆ.

ವೆಚ್ಚದ ಕ್ರಮ

ಹಣ ಕಡಿಮೆಯಿರುವಲ್ಲಿ ಕ್ರಮ ತಪ್ಪಬಾರದು. ಮೊದಲು ವೆಚ್ಚವಿಲ್ಲದ ಉಪಾಯಗಳು: ಕಿಟಕಿ ಮುಚ್ಚುವುದು, ಫ್ಯಾನು ನಿಲ್ಲಿಸುವುದು, ಬರಿಯ ಗೋಡೆಗೆ ಜಮಖಾನ ಇಳಿಬಿಡುವುದು, ಮೈಕ್ರೊಫೋನನ್ನು ಹತ್ತಿರ ತರುವುದು. ಆಮೇಲೆ ಒಳ್ಳೆಯ ಮೈಕ್ರೊಫೋನು. ಅದರ ನಂತರ ತರಗತಿಗೆ ಸಾಲುವಷ್ಟು ದೊಡ್ಡ ಧ್ವನಿವರ್ಧಕ. ಇಷ್ಟಾದ ಮೇಲೂ ಪರೀಕ್ಷೆಯು ದೋಷವನ್ನು ಬೋರ್ಡಿನಲ್ಲೇ ತೋರಿಸಿದರೆ ಯು.ಎಸ್.ಬಿ. ಸಾಧನ. ಪೆಟ್ಟಿಗೆಯೊಳಗಿನ ಸೌಂಡ್ ಕಾರ್ಡ್ ಈ ಪಟ್ಟಿಯಲ್ಲಿ ಕೊನೆಯದು; ಬೋರ್ಡಿನ ಧ್ವನಿಭಾಗ ಪೂರ್ತಿ ಕೆಟ್ಟುಹೋಗಿ, ಯು.ಎಸ್.ಬಿ. ಕುಳಿಗಳೂ ಸಾಲದಿರುವ ಹಳೆಯ ಯಂತ್ರಗಳಿಗೆ ಮಾತ್ರ ಅದು ಉಪಯುಕ್ತ. ಹಿಂದಿನ ಬೆಂಚಿನ ಮಗು ‘ದನ’, ‘ಧನ’ಗಳನ್ನು ಬೇರೆಬೇರೆಯಾಗಿ ಬರೆಯಬಲ್ಲುದಾದರೆ ಆ ತರಗತಿಯ ಧ್ವನಿ ವ್ಯವಸ್ಥೆ ಸಾಕಷ್ಟು ಚೆನ್ನಾಗಿದೆಯೆಂದು ಶಿಕ್ಷಕರು ನಿಶ್ಚಿಂತೆಯಿಂದ ತಿಳಿಯಬಹುದು.